ನೆರಳು ಒಂದೇ, ಇಂಗ್ಲಿಷಿನಲ್ಲಿ ಪದ ಎರಡು

ರಾತ್ರಿ ಹತ್ತೂವರೆ. ಬೆಂಗಳೂರಿನ ಮಾರತಹಳ್ಳಿ ಕಡೆಯ ಒಂದು ಪಿ.ಜಿ.ಯ ಮೂರನೇ ಮಹಡಿ. ದಾವಣಗೆರೆಯಿಂದ ಬಂದು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರುವ ಹುಡುಗಿಯೊಬ್ಬಳು ಮಂಚದ ಮೇಲೆ ಕೂತು ಮೊಬೈಲಿನಲ್ಲೇ ಆಫೀಸಿಗೆ ಮೇಲ್ ಬರೆಯುತ್ತಿದ್ದಾಳೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಕಾಣೆಯಾಗಿದೆ. ಸಂಜೆ ರೂಮಿಗೆ ಬಂದುಹೋದವನು ವೈಫೈ ರಿಪೇರಿಯವನೊಬ್ಬನೇ. ಅವನೇ ತೆಗೆದಿರಬೇಕೆಂದು ಅವಳ ಅನುಮಾನ. ‘ಮೈ ಲ್ಯಾಪ್‌ಟಾಪ್ ವಾಸ್ ರಾಬ್ಡ್. ಐ ಡೌಟ್ ದಟ್ ದಿ ಟೆಕ್ನಿಷಿಯನ್ ಟುಕ್ ಇಟ್’ ಎಂದು ಬರೆದು ಕಳಿಸುತ್ತಾಳೆ.

ಬೆಳಿಗ್ಗೆ ಆ ಮೇಲ್ ತೆರೆಯುವವರು ಇಂಗ್ಲಿಷನ್ನು ಇಂಗ್ಲಿಷಿನಂತೆಯೇ ಓದುವವರಾದರೆ ಅವರಿಗೆ ಸಿಗುವ ಸುದ್ದಿ ಇದು: ಟೆಕ್ನಿಷಿಯನ್ ಲ್ಯಾಪ್‌ಟಾಪ್ ತೆಗೆದಿರಲಿಕ್ಕಿಲ್ಲ. ಆಕೆ ಯಾರ ಕಡೆ ಬೆರಳು ತೋರಿಸಲು ಹೊರಟಿದ್ದಳೋ ಆಕೆಯ ವಾಕ್ಯ ಅವನನ್ನೇ ನಿರ್ದೋಷಿ ಮಾಡಿದೆ. ‘ಐ ಡೌಟ್’ ಎಂದರೆ ಹಾಗೆ ನಡೆದಿರಬಹುದೆಂದು ನಂಬಿಕೆಯಿಲ್ಲ ಎಂದು. ಹಾಗೇ ನಡೆದಿದೆ ಎಂಬ ಗುಮಾನಿಗೆ ಇಂಗ್ಲಿಷಿನಲ್ಲಿರುವ ಪದ ‘ಸಸ್ಪೆಕ್ಟ್’.

ಆಕೆಯ ತಪ್ಪಿಗೆ ಅಜ್ಞಾನ ಕಾರಣವಲ್ಲ, ಕನ್ನಡ ಕಾರಣ. ನಮ್ಮ ‘ಅನುಮಾನ’ ಎರಡೂ ಕೆಲಸ ಮಾಡುತ್ತದೆ. ‘ಅವನು ಬರೋದು ಅನುಮಾನ’ ಎಂದರೆ ಬರಲಿಕ್ಕಿಲ್ಲ. ‘ಅವನೇ ಕದ್ದಿರಬೇಕು ಅಂತ ಅನುಮಾನ’ ಎಂದರೆ ಬಹುಶಃ ಕದ್ದಿದ್ದಾನೆ. ಸುತ್ತಲಿನ ಮಾತು ನೋಡಿ ಕೇಳುವವರು ಅರ್ಥ ಹಿಡಿಯುತ್ತಾರೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಎರಡು ಪದಗಳು ಹಂಚಿಕೊಂಡಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ತಲೆಕೆಳಗಾಗುತ್ತದೆ.

ಒಂದು ಹೊಲಕ್ಕೆ ಎರಡು ಬೇಲಿ

ಇಂಗ್ಲಿಷಿನ ಹತ್ತಿರದ ಅರ್ಥದ ಪದಗಳು ಕನ್ನಡಿಗರನ್ನು ಎಡವಿಸುವುದು ಹೆಚ್ಚಾಗಿ ಇಂಥ ಜಾಗಗಳಲ್ಲೇ. ಕನ್ನಡದಲ್ಲಿ ಒಂದೇ ಹೊಲವಾಗಿರುವ ಅರ್ಥಕ್ಕೆ ಇಂಗ್ಲಿಷ್ ನಡುವೆ ಬೇಲಿ ಹಾಕಿರುತ್ತದೆ.

‘ಕೇಳು’ ಎಂಬ ಮಾತನ್ನೇ ತೆಗೆದುಕೊಳ್ಳಬಹುದು. ದಾರಿ ಕೇಳುತ್ತೇವೆ, ಹಾಡು ಕೇಳುತ್ತೇವೆ, ಪಕ್ಕದ ಮನೆಯ ಜಗಳವೂ ಕೇಳುತ್ತದೆ. ಇಂಗ್ಲಿಷಿಗೆ ಇವು ಮೂರು ಬೇರೆ ಕೆಲಸಗಳು. ಪ್ರಶ್ನೆ ಹಾಕಿದರೆ ‘ಆಸ್ಕ್’. ಕಿವಿಗೆ ತಾನಾಗಿ ಬಿದ್ದರೆ ‘ಹಿಯರ್’. ಮನಸ್ಸಿಟ್ಟು ಕಿವಿಗೊಟ್ಟರೆ ‘ಲಿಸನ್’. ‘ನೋಡು’ ಕೂಡ ಹೀಗೆಯೇ ಒಡೆಯುತ್ತದೆ: ಕಣ್ಣಿಗೆ ಬಿದ್ದದ್ದು ‘ಸೀ’, ಕಣ್ಣು ಹಾಯಿಸಿದ್ದು ‘ಲುಕ್’, ನಡೆಯುತ್ತಿರುವುದನ್ನು ಗಮನವಿಟ್ಟು ನೋಡಿದ್ದು ‘ವಾಚ್’. ಕ್ರಿಕೆಟ್ ಮ್ಯಾಚನ್ನು ಟಿ.ವಿ.ಯಲ್ಲಿ ‘ವಾಚ್’ ಮಾಡುವುದು ಇದಕ್ಕೇ.

ಸಾಲದ ವಿಷಯದಲ್ಲಿ ಎಡವದವರೇ ಕಡಿಮೆ. ‘ಸಾಲ ಕೊಡು’, ‘ಸಾಲ ತಗೋ’ ಎಂದು ಕನ್ನಡ ಒಂದೇ ನಾಮಪದಕ್ಕೆ ಎರಡು ಸಾಮಾನ್ಯ ಕ್ರಿಯಾಪದ ಜೋಡಿಸಿ ಕೆಲಸ ಮುಗಿಸುತ್ತದೆ. ಇಂಗ್ಲಿಷಿನಲ್ಲಿ ಕೊಡುವವನು ಮಾಡುವುದು ‘ಲೆಂಡ್’, ತೆಗೆದುಕೊಳ್ಳುವವನು ಮಾಡುವುದು ‘ಬಾರೋ’. ‘ನಿನ್ನ ಪೆನ್ ಬಾರೋ ಮಾಡು’ ಎಂದು ಇಂಗ್ಲಿಷಿನಲ್ಲಿ ಗೆಳೆಯನನ್ನು ಕೇಳಿದರೆ, ತನ್ನ ಪೆನ್ನನ್ನು ತಾನೇ ಕಡ ತೆಗೆದುಕೊಳ್ಳಲು ಅವನಿಗೆ ಹೇಳಿದಂತಾಗುತ್ತದೆ.

ಇನ್ನು ನೆರಳು. ಮೇ ತಿಂಗಳ ಬಿಸಿಲಿನಲ್ಲಿ ಹುಣಸೆಮರದ ಬುಡದಲ್ಲಿ ಕೂತವನು ಕೂತಿರುವುದು ‘ಶೇಡ್’ನಲ್ಲಿ. ಅವನ ಎದುರು ನೆಲದ ಮೇಲೆ ಬಿದ್ದಿರುವ ಅವನದೇ ಆಕಾರ ‘ಶ್ಯಾಡೋ’. ಮೊದಲನೆಯದು ಬಿಸಿಲಿಲ್ಲದ ತಂಪು ಜಾಗ, ಎರಡನೆಯದಕ್ಕೆ ಕೈಕಾಲು ತಲೆಯ ಅಂಚುಗಳಿವೆ. ಕನ್ನಡ ಎರಡನ್ನೂ ನೆರಳೆಂದೇ ಕರೆಯುತ್ತದೆ, ಅದರಿಂದ ಕನ್ನಡಕ್ಕೇನೂ ನಷ್ಟವಾಗಿಲ್ಲ.

‘ಐತಿಹಾಸಿಕ’ ಎಂಬುದೂ ಇಂಥದೇ. ಐತಿಹಾಸಿಕ ತೀರ್ಪು, ಐತಿಹಾಸಿಕ ಕಾದಂಬರಿ ಎರಡೂ ನಮಗೆ ಸಹಜ. ತೀರ್ಪು ಇತಿಹಾಸ ಸೃಷ್ಟಿಸುವಷ್ಟು ದೊಡ್ಡದು, ಹಾಗಾಗಿ ಅದು ‘ಹಿಸ್ಟಾರಿಕ್’. ಕಾದಂಬರಿ ಇತಿಹಾಸಕ್ಕೆ ಸಂಬಂಧಪಟ್ಟದ್ದು, ಹಾಗಾಗಿ ‘ಹಿಸ್ಟಾರಿಕಲ್’. ‘ಎಕನಾಮಿಕ್’ ಮತ್ತು ‘ಎಕನಾಮಿಕಲ್’ ನಡುವಿನ ಅಂತರ ಇನ್ನೂ ಹೆಚ್ಚು: ದೇಶಕ್ಕೆ ಬರುವುದು ‘ಎಕನಾಮಿಕ್’ ಬಿಕ್ಕಟ್ಟು, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ಓಡುವ ಬೈಕು ‘ಎಕನಾಮಿಕಲ್’. ಆಗುಂಬೆಯಲ್ಲಿ ಜುಲೈ ತಿಂಗಳು ಎಡೆಬಿಡದೆ ಸುರಿಯುವ ಮಳೆ ‘ಕಂಟಿನ್ಯುಯಸ್’, ಬಯಲುಸೀಮೆಯ ಊರಲ್ಲಿ ಪದೇ ಪದೇ ಹೋಗಿ ಬರುವ ಕರೆಂಟಿನ ಕಾಟ ‘ಕಂಟಿನ್ಯುಯಲ್’.

ಗಡಿಗೆ ಒಡೆಯುತ್ತದೆ, ಕೋಲು ಮುರಿಯುತ್ತದೆ

ಇಷ್ಟು ಓದಿ ಇಂಗ್ಲಿಷ್ ಸೂಕ್ಷ್ಮ ಭಾಷೆ, ಕನ್ನಡ ಒರಟು ಎಂದು ಯಾರಾದರೂ ತೀರ್ಮಾನಿಸಿದರೆ ಅದು ದೊಡ್ಡ ತಪ್ಪು. ಬೇಲಿಗಳು ಕನ್ನಡದಲ್ಲೂ ಇವೆ, ಬೇರೆ ಜಾಗಗಳಲ್ಲಿವೆ, ಅಷ್ಟೇ.

ಇಂಗ್ಲಿಷಿನ ‘ಬ್ರೇಕ್’ ಎಂಬ ಒಂದು ಪದವನ್ನು ಹಿಡಿದು ಕನ್ನಡಕ್ಕೆ ಬಂದರೆ ಎದುರಾಗುವ ಗುಂಪು ನೋಡಬೇಕು. ಗಡಿಗೆ ಒಡೆಯುತ್ತದೆ. ಕೋಲು ಮುರಿಯುತ್ತದೆ. ದಾರ ಕಿತ್ತುಹೋಗುತ್ತದೆ. ಕೊಟ್ಟ ಮಾತಿಗೆ ಮನುಷ್ಯ ತಪ್ಪುತ್ತಾನೆ. ನಾಲ್ಕು ವರ್ಷದ ಕನ್ನಡದ ಮಗುವೂ ‘ಗಡಿಗೆ ಮುರೀತು’ ಎನ್ನುವುದಿಲ್ಲ. ಯಾರೂ ಅದಕ್ಕೆ ನಿಯಮ ಹೇಳಿಕೊಟ್ಟಿಲ್ಲ. ‘ವಾಶ್’ ಎಂಬುದೂ ಹಾಗೆಯೇ: ಬಟ್ಟೆ ಒಗೆಯುತ್ತೇವೆ, ಮುಖ ತೊಳೆಯುತ್ತೇವೆ, ಪಾತ್ರೆ ಬೆಳಗುತ್ತೇವೆ, ಧಾರವಾಡದ ಕಡೆಯಾದರೆ ಭಾಂಡೆ ತಿಕ್ಕುತ್ತೇವೆ. ಕನ್ನಡ ಕಲಿಯಲು ಬಂದವರು ‘ಮುಖ ಒಗೆದುಕೊಂಡೆ’ ಎಂದಾಗ ನಗು ಬರುವುದು ಅರ್ಥ ಗೊತ್ತಾಗದೆ ಅಲ್ಲ, ಆ ಪದಕ್ಕೆ ಆ ಜೊತೆ ಇಲ್ಲವೆಂದು.

ಪದಗಳ ಈ ಒಡನಾಟಕ್ಕೆ ಭಾಷಾವಿಜ್ಞಾನದಲ್ಲಿ ದೊಡ್ಡ ಸ್ಥಾನ ತಂದುಕೊಟ್ಟವರು ಬ್ರಿಟನ್ನಿನ ಜೆ.ಆರ್. ಫರ್ತ್. ಒಂದು ಪದದ ಅರ್ಥದಲ್ಲಿ ಅದರ ಜೊತೆಗಾರ ಪದಗಳ ಪಾಲೂ ಇದೆ ಎಂಬುದು ಅವರ ವಾದ. ಅವರ ಶಿಷ್ಯ ಎಂ.ಎ.ಕೆ. ಹ್ಯಾಲಿಡೇ 1966ರಲ್ಲಿ ಇದಕ್ಕೆ ಕೊಟ್ಟ ಉದಾಹರಣೆ ಇಂದಿಗೂ ತರಗತಿಗಳಲ್ಲಿ ಓಡಾಡುತ್ತದೆ: ಚಹಾ ‘ಸ್ಟ್ರಾಂಗ್’ ಆಗಬಹುದು, ‘ಪವರ್‌ಫುಲ್’ ಆಗಲಾರದು, ಕಾರು ‘ಪವರ್‌ಫುಲ್’ ಆಗಬಹುದು, ‘ಸ್ಟ್ರಾಂಗ್’ ಎಂದರೆ ಸರಿಹೊಂದದು. ನಿಘಂಟಿನಲ್ಲಿ ಎರಡಕ್ಕೂ ಶಕ್ತಿಯ ಅರ್ಥವೇ ಇದೆ. ನಮ್ಮ ದರ್ಶಿನಿಗಳಲ್ಲಿ ‘ಎರಡು ಸ್ಟ್ರಾಂಗ್ ಕಾಫಿ’ ಎಂದು ಕೂಗುವವರಾರೂ ಹ್ಯಾಲಿಡೇಯನ್ನು ಓದಿದವರಲ್ಲ. ಜೊತೆಗೂಡಿಯೇ ಕಿವಿಗೆ ಬಿದ್ದದ್ದರಿಂದ ಆ ಜೋಡಿ ಸರಿಯಾಗಿಯೇ ನಾಲಿಗೆಗೆ ಬಂದಿದೆ. ಈ ವಿಷಯದ ತಿರುಳು ಇಲ್ಲಿದೆ.

ಹಸು ಹಟ್ಟಿಯಲ್ಲಿ, ಬೀಫ್ ಊಟದ ಮೇಜಿನಲ್ಲಿ

ಇಂಗ್ಲಿಷಿನಲ್ಲಿ ಹೀಗೆ ಒಂದೇ ಬೀದಿಯಲ್ಲಿ ವಾಸಿಸುವ ಪದಗಳು ಇಷ್ಟು ಹೆಚ್ಚಲು ಇತಿಹಾಸದ ಕಾರಣವಿದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಮುಂದೆ ಬಹುಕಾಲ ಅರಮನೆ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು, ಚರ್ಚು ಮತ್ತು ಪಾಂಡಿತ್ಯಕ್ಕೆ ಲ್ಯಾಟಿನ್ ಇತ್ತು, ಹೊಲಮನೆಗಳಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಹಟ್ಟಿಯಲ್ಲಿರುವ ಪ್ರಾಣಿಗೆ ರೈತರ ಪದ ‘ಕೌ’, ಅದೇ ಅಡುಗೆಯಾಗಿ ಮೇಜಿಗೆ ಬಂದಾಗ ಫ್ರೆಂಚ್ ಮೂಲದ ‘ಬೀಫ್’. ‘ಶೀಪ್’ ಮತ್ತು ‘ಮಟನ್’, ‘ಪಿಗ್’ ಮತ್ತು ‘ಪೋರ್ಕ್’ ಇದೇ ದಾರಿಯ ಜೋಡಿಗಳು.

ಹಾಗೆ ಮೂರು ಪದರಗಳು ಒಂದರ ಮೇಲೊಂದು ಕೂತವು. ‘ಆಸ್ಕ್’ ಇಂಗ್ಲಿಷಿನದೇ, ‘ಕ್ವೆಶ್ಚನ್’ ಫ್ರೆಂಚಿನಿಂದ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ನಿನಿಂದ. ಅಮ್ಮ ಮಗುವನ್ನು ‘ಆಸ್ಕ್’ ಮಾಡುತ್ತಾಳೆ, ಪತ್ರಕರ್ತ ಮಂತ್ರಿಯನ್ನು ‘ಕ್ವೆಶ್ಚನ್’ ಮಾಡುತ್ತಾನೆ, ಪೊಲೀಸರು ಆರೋಪಿಯನ್ನು ‘ಇಂಟರಾಗೇಟ್’ ಮಾಡುತ್ತಾರೆ. ಪದ ಬದಲಾದಂತೆ ಕೋಣೆಯ ಗಾಳಿಯೇ ಬದಲಾಗುತ್ತದೆ.

ಕನ್ನಡಿಗರಿಗೆ ಇದು ಅಪರಿಚಿತ ಅನುಭವವಲ್ಲ. ಅಚ್ಚಗನ್ನಡದ ಮಾತಿನ ಪಕ್ಕದಲ್ಲಿ ಸಂಸ್ಕೃತದಿಂದ ಬಂದ ಪದ ಕೂತಿರುವುದನ್ನು 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲೇ ವಿಂಗಡಿಸಿ ನೋಡಿದ್ದ. ಹೊಸ ಮನೆ ಕಟ್ಟಿದವರು ಮಾಡುವುದು ಗೃಹಪ್ರವೇಶ, ಮನೆಪ್ರವೇಶವಲ್ಲ. ತಟ್ಟೆಯ ಪಕ್ಕ ಇಡುವುದು ನೀರು, ಜಲವಲ್ಲ. ಅಂಗಡಿಯಲ್ಲಿ ಕೊಳ್ಳುವುದು ಹಾಲು. ಅದೇ ಹಾಲನ್ನು ಶಾಲಾ ಮಕ್ಕಳಿಗೆ ಕೊಡುವ ಸರ್ಕಾರಿ ಯೋಜನೆ 2013ರಲ್ಲಿ ಬಂದಾಗ ಅದರ ಹೆಸರು ಕ್ಷೀರಭಾಗ್ಯವಾಯಿತು. ಮನೆಯೂ ಗೃಹವೂ ‘ಸಮಾನಾರ್ಥಕ’ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಮಗು ಬದುಕಿನಲ್ಲಿ ಅವೆರಡನ್ನು ಎಂದೂ ಅದಲುಬದಲು ಮಾಡುವುದಿಲ್ಲ. ಆದರೆ ‘ಸಮಾನಾರ್ಥಕ ಪದ ಬರೆಯಿರಿ’ ಎಂಬ ಆ ಪ್ರಶ್ನೆ ಒಂದು ತಪ್ಪು ನಂಬಿಕೆಯನ್ನು ತಲೆಯಲ್ಲಿ ಬಿತ್ತಿಬಿಡುತ್ತದೆ. ಇಂಗ್ಲಿಷಿಗೆ ಹೋದಾಗ ಅದೇ ನಂಬಿಕೆ ಕೈಕೊಡುತ್ತದೆ.

ಕಳವು, ಸುಲಿಗೆ, ದರೋಡೆ

ಪಿ.ಜಿ.ಯ ಮೇಲ್‌ನಲ್ಲಿದ್ದ ಇನ್ನೊಂದು ಎಡವಟ್ಟಿಗೆ ಬರೋಣ. ಇಂಗ್ಲಿಷಿನಲ್ಲಿ ವಸ್ತುವನ್ನು ‘ಸ್ಟೀಲ್’ ಮಾಡುತ್ತಾರೆ. ಮನುಷ್ಯನನ್ನೋ ಬ್ಯಾಂಕನ್ನೋ ‘ರಾಬ್’ ಮಾಡುತ್ತಾರೆ. ಲ್ಯಾಪ್‌ಟಾಪ್ ‘ರಾಬ್’ ಆಗುವುದಿಲ್ಲ, ‘ಸ್ಟೋಲನ್’ ಆಗುತ್ತದೆ.

ಇದು ವ್ಯಾಕರಣದ ಕಿರಿಕಿರಿ ಮಾತ್ರ ಎನ್ನುವವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ನೋಡಬೇಕು. ಕಾನೂನಿನಲ್ಲಿ ಸದ್ದಿಲ್ಲದೆ ಎತ್ತಿಕೊಂಡು ಹೋದರೆ ‘ಥೆಫ್ಟ್’, ಅಂದರೆ ಕಳವು. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದವರೆಗೆ ಜೈಲು. ಹೊಡೆದು ಅಥವಾ ಆಗಿಂದಾಗಲೇ ಹೊಡೆಯುವ ಭಯ ಹುಟ್ಟಿಸಿ ಕಿತ್ತುಕೊಂಡರೆ ‘ರಾಬರಿ’, ಅಂದರೆ ಸುಲಿಗೆ. ಶಿಕ್ಷೆ ಹತ್ತು ವರ್ಷಕ್ಕೆ ಏರುತ್ತದೆ. ಐದು ಅಥವಾ ಹೆಚ್ಚು ಜನ ಸೇರಿ ಅದನ್ನೇ ಮಾಡಿದರೆ ‘ಡಕಾಯಿಟಿ’, ನಮ್ಮ ದರೋಡೆ, ಜೀವಾವಧಿಯವರೆಗೂ ಹೋಗಬಹುದು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಸೆಕ್ಷನ್‌ಗಳ ಸಂಖ್ಯೆ ಬದಲಾದರೂ ಈ ಮೂರು ಪದಗಳ ನಡುವಿನ ಗೆರೆ ಹಾಗೇ ಇದೆ. ಕನ್ನಡದಲ್ಲೂ ಮೂರಕ್ಕೆ ಮೂರು ಪದ ಅಚ್ಚುಕಟ್ಟಾಗಿ ಇರುವಾಗ, ಎಲ್ಲವನ್ನೂ ದರೋಡೆ ಎಂದು ಬರೆಯುವ ಸುದ್ದಿಶೀರ್ಷಿಕೆಗಳು ಓದುಗರಿಗೆ ಅನ್ಯಾಯ ಮಾಡುತ್ತವೆ.

ಸಮಾಲೋಚನೆಯೋ, ಸಮ್ಮತಿಯೋ

ಎರಡು ಹತ್ತಿರದ ಪದಗಳ ನಡುವೆ ಒಂದು ದೇಶದ ನ್ಯಾಯಾಂಗವೇ ನಿಂತ ಕತೆ ಭಾರತದ್ದು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಮುಖ್ಯ ನ್ಯಾಯಮೂರ್ತಿಯೊಂದಿಗೆ ‘ಕನ್ಸಲ್ಟೇಷನ್’ ನಡೆಸಿ. ಸಂವಿಧಾನದ 124ನೇ ವಿಧಿಯಲ್ಲಿರುವ ಪದ ಅದು: ಸಮಾಲೋಚನೆ. ಅದರ ಬದಲು ‘ಕನ್ಕರೆನ್ಸ್’, ಅಂದರೆ ಸಮ್ಮತಿ, ಎಂದು ಹಾಕಬೇಕೆಂಬ ತಿದ್ದುಪಡಿ ಸಂವಿಧಾನ ಸಭೆಯ ಮುಂದೆ 1949ರ ಮೇ ತಿಂಗಳಲ್ಲಿ ಬಂದಿತ್ತು. ಡಾ. ಬಿ.ಆರ್. ಅಂಬೇಡ್ಕರ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಎಷ್ಟೇ ದೊಡ್ಡವರಾದರೂ ಎಲ್ಲರಂತೆ ದೌರ್ಬಲ್ಯಗಳಿರುವ ಮನುಷ್ಯರೇ. ಅವರ ಕೈಗೆ ತಡೆಯೊಡ್ಡುವ ಅಧಿಕಾರ ಕೊಡುವುದು ಅಪಾಯ ಎಂಬುದು ಅವರ ನಿಲುವಾಗಿತ್ತು.

ಪದ ಹಾಗೇ ಉಳಿಯಿತು, ಅರ್ಥ ಉಳಿಯಲಿಲ್ಲ. 1981ರಲ್ಲಿ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಮಾಲೋಚನೆ ಎಂದರೆ ಸಮ್ಮತಿಯಲ್ಲ ಎಂದಿತು. 1993ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಬದಿಗೊತ್ತಿ, ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯಕ್ಕೇ ಪ್ರಾಧಾನ್ಯ ಎಂದು ಹೇಳಿತು. ಹಿರಿಯ ನ್ಯಾಯಮೂರ್ತಿಗಳೇ ಹೆಸರು ಸೂಚಿಸುವ ಕೊಲಿಜಿಯಂ ಪದ್ಧತಿ ಹುಟ್ಟಿದ್ದು ಅಲ್ಲಿ. ನೇಮಕಕ್ಕೆ ಬೇರೆ ಆಯೋಗ ರಚಿಸಲು ಸಂಸತ್ತು ಮಾಡಿದ ತಿದ್ದುಪಡಿಯನ್ನು 2015ರಲ್ಲಿ ಕೋರ್ಟ್ ರದ್ದುಪಡಿಸಿತು. ಮೂಲ ವಿಧಿಯಲ್ಲಿ ‘ಕನ್ಸಲ್ಟೇಷನ್’ ಎಂಬ ಪದ ಇಂದಿಗೂ ಇದೆ, ನಡೆಯುತ್ತಿರುವುದು ಹೆಚ್ಚುಕಡಿಮೆ ‘ಕನ್ಕರೆನ್ಸ್’.

ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ಇಂಥದೇ ಕತೆಯಲ್ಲಿ ಕರಾವಳಿ ಕರ್ನಾಟಕದವರೊಬ್ಬರ ಪಾತ್ರವಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದರು. ಆಮೇಲೆ ಕರಡಿನಲ್ಲಿದ್ದ ‘ಡ್ಯೂ ಪ್ರಾಸೆಸ್’ ಹೋಗಿ ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂಬ ಪದಗುಚ್ಛ ಬಂತು. ಕೇಳಲು ಎರಡೂ ಒಂದೇ ಅನಿಸುತ್ತವೆ. ಮೊದಲನೆಯದು ಕಾನೂನೇ ನ್ಯಾಯವಾಗಿದೆಯೇ ಎಂದು ಕೇಳುತ್ತದೆ, ಎರಡನೆಯದು ಕಾನೂನಿನಂತೆ ನಡೆಯಿತೇ ಎಂದಷ್ಟೇ ಕೇಳುತ್ತದೆ. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಕೋರ್ಟ್ ಎರಡನೆಯ ಅರ್ಥಕ್ಕೇ ಅಂಟಿಕೊಂಡಿತು. ಕಾರ್ಯವಿಧಾನ ನ್ಯಾಯಯುತವೂ ವಿವೇಕಯುತವೂ ಆಗಿರಬೇಕೆಂದು ಕೋರ್ಟ್ ಹೇಳಲು 1978ರ ಮೇನಕಾ ಗಾಂಧಿ ತೀರ್ಪಿನವರೆಗೆ ಕಾಯಬೇಕಾಯಿತು.

ಕೊನೆಯ ಗಳಿಗೆಯ ಒಂದು ಪದ

2015ರ ಡಿಸೆಂಬರ್, ಪ್ಯಾರಿಸ್. ಹವಾಮಾನ ಒಪ್ಪಂದದ ಅಂತಿಮ ಕರಡಿನಲ್ಲಿ ಶ್ರೀಮಂತ ದೇಶಗಳು ಹೊಗೆ ತಗ್ಗಿಸುವ ಗುರಿಯಲ್ಲಿ ಮುಂದಾಳುತನ ವಹಿಸತಕ್ಕದ್ದು ಎಂಬ ಅರ್ಥದಲ್ಲಿ ‘ಶಲ್’ ಇತ್ತು. ಅದು ಕಾನೂನಿನ ಕಟ್ಟುಪಾಡು. ಅಮೆರಿಕಕ್ಕೆ ಅದರಿಂದ ಸೆನೆಟ್ ಒಪ್ಪಿಗೆಯ ತೊಡಕು ಎದುರಾಗುತ್ತಿತ್ತು. ಅದನ್ನು ‘ಶುಡ್’ ಎಂದು ತಿದ್ದಿದರು, ವಹಿಸಬೇಕು ಎಂಬ ಮೆತ್ತನೆಯ ಅರ್ಥಕ್ಕೆ. ಆ ತಿದ್ದುಪಡಿಯಾದ ಮೇಲೇ ಒಪ್ಪಂದ ಅಂಗೀಕಾರವಾಯಿತು.

ಆರು ವರ್ಷದ ನಂತರ ಗ್ಲಾಸ್ಗೊದ ಹವಾಮಾನ ಸಭೆ. 2021ರ ನವೆಂಬರ್ 13ರಂದು ಕಲ್ಲಿದ್ದಲು ವಿದ್ಯುತ್ತಿನ ಬಗ್ಗೆ ಕರಡಿನಲ್ಲಿದ್ದ ‘ಫೇಸ್ ಔಟ್’ ಅನ್ನು ‘ಫೇಸ್ ಡೌನ್’ ಎಂದು ಬದಲಿಸುವಂತೆ ಭಾರತದ ಪರವಾಗಿ ಸಚಿವ ಭೂಪೇಂದ್ರ ಯಾದವ್ ಕೇಳಿದರು. ಮೊದಲನೆಯದಕ್ಕೆ ಹಂತಹಂತವಾಗಿ ನಿಲ್ಲಿಸುವುದು ಎಂದರ್ಥ, ಎರಡನೆಯದಕ್ಕೆ ಹಂತಹಂತವಾಗಿ ತಗ್ಗಿಸುವುದು. ಬದಲಾವಣೆ ಒಪ್ಪಿಗೆಯಾಯಿತು. ಸಭೆಯ ಅಧ್ಯಕ್ಷ ಅಲೋಕ್ ಶರ್ಮಾ ಕ್ಷಮೆ ಕೇಳುವಾಗ ಅವರ ಗಂಟಲು ಕಟ್ಟಿತು.

ಇಂಥ ಪಾಠ 2020ರ ಕೋವಿಡ್ ಕಾಲದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೂ ಬಂದಿತ್ತು. ಸೋಂಕು ತಗುಲಿದೆ ಎಂದು ಖಚಿತವಾದವರನ್ನು ಬೇರೆ ಇಡುವುದು ‘ಐಸೊಲೇಷನ್’. ತಗುಲಿರಬಹುದು ಎಂಬ ಕಾರಣಕ್ಕೆ ಆರೋಗ್ಯವಾಗಿ ಕಾಣುವವರನ್ನೂ ಬೇರೆ ಇಡುವುದು ‘ಕ್ವಾರಂಟೈನ್’. ಕೈಗೆ ಸೀಲು ಹಾಕಿಸಿಕೊಂಡು ಮನೆಯಲ್ಲಿ ಕೂತವನನ್ನು ಅಕ್ಕಪಕ್ಕದವರು ರೋಗಿಯೆಂದೇ ನೋಡಿದ್ದರ ಹಿಂದೆ ಈ ಎರಡು ಪದಗಳ ಗೊಂದಲವೂ ಇತ್ತು.

ಪಟ್ಟಿ ಇದೆ, ವ್ಯತ್ಯಾಸವಿಲ್ಲ

ಪದ ತೋಚದಿದ್ದಾಗ ಈಗ ಎಲ್ಲರ ಕೈ ಹೋಗುವುದು ಕಂಪ್ಯೂಟರಿನ ಥೆಸಾರಸ್ ಕಡೆ. ಆ ಹೆಸರನ್ನು ಮನೆಮಾತಾಗಿಸಿದವರು ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯ. ಅವರ ಗ್ರಂಥ ಹೊರಬಂದದ್ದು 1852ರಲ್ಲಿ, ಅವರಿಗೆ ಎಪ್ಪತ್ತು ದಾಟಿದ ಮೇಲೆ. ರೋಜೆ ಪದಗಳನ್ನು ಪರಿಕಲ್ಪನೆಗಳ ಪ್ರಕಾರ ಗುಂಪು ಮಾಡಿದರು, ಅರ್ಥ ವಿವರಿಸಲಿಲ್ಲ. ಪದಗಳು ಮೊದಲೇ ಗೊತ್ತಿದ್ದು ಆ ಕ್ಷಣಕ್ಕೆ ನೆನಪಾಗದವರಿಗೆ ಅದು ಚಿನ್ನದ ಗಣಿ. ಗೊತ್ತಿಲ್ಲದವರು ಅಲ್ಲಿಂದ ಉದ್ದನೆಯ ಪದವೊಂದನ್ನು ಹೆಕ್ಕಿ ಅರ್ಜಿಗೆ ಅಂಟಿಸಿದರೆ ಅಪಾಯ. ‘ಥಿನ್’ ಪಟ್ಟಿಯಲ್ಲಿ ‘ಸ್ಲಿಮ್’, ‘ಸ್ಕಿನ್ನಿ’ ಎರಡೂ ಸಿಗುತ್ತವೆ. ಒಂದು ಹೊಗಳಿಕೆ, ಇನ್ನೊಂದು ನೋಯಿಸುವ ಮಾತು.

ಕಲಿಯುವವರಿಗಾಗಿಯೇ ನಿಘಂಟು ಮಾಡಿದವರು ಎ.ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಅಲ್ಲಿನ ವಿದ್ಯಾರ್ಥಿಗಳ ತೊಡಕುಗಳನ್ನು ಕಣ್ಣಾರೆ ಕಂಡವರು. 1942ರಲ್ಲಿ ಜಪಾನಿನಲ್ಲಿ ಅಚ್ಚಾದ ಅವರ ನಿಘಂಟನ್ನು 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಇಂದು ನಮ್ಮ ಕಾಲೇಜು ಲೈಬ್ರರಿಗಳಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರದೇ ಮುಂದುವರಿಕೆ. ಅದರಲ್ಲಿ ಪದ ಒಂಟಿಯಾಗಿ ನಿಂತಿರುವುದಿಲ್ಲ, ವಾಕ್ಯದೊಳಗೆ ತನ್ನ ಜೊತೆಗಾರರೊಂದಿಗೆ ಇರುತ್ತದೆ.

ಎಲ್ಲ ಗೆರೆಗಳೂ ಕಲ್ಲಿನ ಮೇಲೆ ಕೊರೆದವಲ್ಲ ಎಂಬುದನ್ನೂ ಹೇಳಬೇಕು. ಎಣಿಸುವಂಥದಕ್ಕೆ ‘ಫ್ಯೂಯರ್’, ಅಳೆಯುವಂಥದಕ್ಕೆ ‘ಲೆಸ್’ ಎಂಬ ಪಾಠದ ಮೂಲವನ್ನು 1770ರಲ್ಲಿ ರಾಬರ್ಟ್ ಬೇಕರ್ ಎಂಬುವವರು ಬರೆದ ಪುಸ್ತಕದಲ್ಲಿ ಗುರುತಿಸುತ್ತಾರೆ. ಅವರು ಅದನ್ನು ತಮ್ಮ ಅಭಿರುಚಿಯೆಂದು ಸೂಚಿಸಿದ್ದರು, ಮುಂದಿನವರು ನಿಯಮ ಮಾಡಿದರು. ಪರೀಕ್ಷೆಯಲ್ಲಿ ಅದನ್ನು ಪಾಲಿಸಬೇಕು, ಮಾತಿನಲ್ಲಿ ತಪ್ಪಿದರೆ ಯಾರ ಅರ್ಥವೂ ಕೆಡುವುದಿಲ್ಲ. ‘ಡೌಟ್’ ಮತ್ತು ‘ಸಸ್ಪೆಕ್ಟ್’ ಹಾಗಲ್ಲ. ಅರ್ಥ ತಿರುಗಿಸುವ ಜೋಡಿಗಳಿಗೆ ಮೊದಲ ಗಮನ ಸಲ್ಲಬೇಕು.

ಜೋಡಿಯನ್ನು ವಾಕ್ಯದಲ್ಲಿ ಕಲಿಯುವುದು

‘ಶೇಡ್ ಎಂದರೆ ನೆರಳು, ಶ್ಯಾಡೋ ಎಂದರೆ ನೆರಳು’ ಎಂದು ಮಗು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಗೊಂದಲವನ್ನೇ ಬಾಯಿಪಾಠ ಮಾಡಿದಂತೆ. ಅದರ ಬದಲು ಮರದ ಕೆಳಗೆ ಕೂತವರ ಬಗ್ಗೆ ಒಂದು ವಾಕ್ಯ, ಗೋಡೆಯ ಮೇಲೆ ಬಿದ್ದ ಕೈಯ ಆಕಾರದ ಬಗ್ಗೆ ಒಂದು ವಾಕ್ಯ ಬರೆದರೆ ಸಾಕು, ಅರ್ಥ ಬರೆಯುವ ಅಗತ್ಯವೇ ಬೀಳುವುದಿಲ್ಲ. ಜೋಡಿ ಎದುರಾದಾಗ ಕೇಳಿಕೊಳ್ಳುವ ಪ್ರಶ್ನೆಗಳೂ ದೊಡ್ಡವಲ್ಲ. ಇದನ್ನು ಮಾಡುವವರು ಯಾರು, ಕೊಡುವವರೋ ಪಡೆಯುವವರೋ? ಬೇಕೆಂದು ಮಾಡಿದ್ದೋ, ತಾನಾಗಿ ಆದದ್ದೋ? ಈ ಪದದ ಪಕ್ಕ ಸಾಮಾನ್ಯವಾಗಿ ಯಾವ ಪದ ಬರುತ್ತದೆ?

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಕೋರಿಕೆ. ವಾರಕ್ಕೆ ಹತ್ತು ನಿಮಿಷ ಇಂಥ ಒಂದು ಜೋಡಿಗೆ ಮೀಸಲಿಡಿ, ಪಾಠವನ್ನು ಗಡಿಗೆ ಮತ್ತು ಕೋಲಿನಿಂದ ಶುರುಮಾಡಿ. ಗಡಿಗೆ ಏಕೆ ಮುರಿಯುವುದಿಲ್ಲ ಎಂದು ಮಕ್ಕಳನ್ನೇ ಕೇಳಿ. ಅವರಿಗೆ ಉತ್ತರ ಗೊತ್ತಿದೆ.